ಜೋಕು ವೈರಲ್ ಆಯ್ತು, ಹೆಸರು ಎಲ್ಲಿ ಹೋಯ್ತು?

ಇಯರ್‌ಫೋನ್ ಹಾಕ್ಕೊಂಡು ಬಾಗಲಕೋಟೆ ಬಸ್ಸಿನಾಗ ಕುಂತೋರು, ಹುನಗುಂದ ಸ್ಟ್ಯಾಂಡಿನಾಗ ಚಾ ಕುಡಿಯೋರು, ಸ್ವಲ್ಪ ಈ ಕಡೆ ಲಕ್ಷ್ಯ ಕೊಡ್ರಿ. ಇವತ್ತಿನ ಮಾತು ನಗಿ ಬಗ್ಗೆ. ಜೊತೆಗೆ ನನ್ನದೊಂದು ತಪ್ಪೊಪ್ಪಿಗೆನೂ ಐತಿ.

ನನ್ನೂರು ಇಳಕಲ್. ನಾನೊಂದು ಕಾಮಿಡಿ ಪೇಜ್ ನಡೆಸ್ತೀನಿ. ಮೊದಲು ಅದನ್ನ ನೋಡ್ತಿದ್ದವರು ನಮ್ಮ ಓಣಿ ಹುಡುಗ್ರು ಮಾತ್ರ. ಒಂದು ದಿನ ಯಾರೋ ಕಂಪನಿ ನಾಟಕದ ವಿಡಿಯೊ ಕಳಿಸಿದರು. ಅದರಲ್ಲಿ ಸಾವ್ಕಾರ ಕೇಳ್ತಾನೆ: "ಏನಲೇ, ಸಾಲ ಯಾವಾಗ ಕೊಡ್ತಿ?" ಹಾಸ್ಯ ಪಾತ್ರಧಾರಿ ಕೈಮುಗಿದು ಹೇಳ್ತಾನೆ: "ನೀವೇ ಕೊಡಬೇಕ್ರಿ ಸಾವ್ಕಾರ್ರ, ನಾ ಯಾವಾಗ ಬ್ಯಾಡ ಅಂದೇನಿ?"

ಅಷ್ಟೇ ಜೋಕು. ನಾನು ನಲವತ್ತು ಸೆಕೆಂಡು ಕಟ್ ಮಾಡಿದೆ. ಮೇಲಿನ ಪರದೆಯಲ್ಲಿ ಕಂಪನಿ ಹೆಸರಿತ್ತು, ಕ್ರಾಪ್ ಮಾಡಿದೆ. ನನ್ನ ಪೇಜಿನ ಲೋಗೋ ಹಚ್ಚಿದೆ. ಎರಡು ದಿನ ಫೋನು ಸುಮ್ಮನಾಗಲೇ ಇಲ್ಲ.

ಪೇಜ್ ಇನ್ನೂ ಬೆಳೆಸೋದು ಹೆಂಗ ಅಂತ ಹುಡುಕುವಾಗ ನನಗೆ ಸಿಕ್ಕಿದ್ದು ರಷ್ಯನ್ ಭಾಷೆಯ ಒಂದು ನಗೆ ವೆಬ್‌ಸೈಟಿನ ಕಥೆ. ಹೆಸರು ಅನೆಕ್‌ದೋತ್ ಡಾಟ್ ಆರ್‌ಯು. ಆ ಭಾಷೆಯಲ್ಲಿ ಅನೆಕ್‌ದೋತ್ ಅಂದ್ರೆ ಸಣ್ಣ ಜೋಕು. ದೀಮಾ ವೆರ್ನರ್ ಅನ್ನೋ ಖಗೋಳ ವಿಜ್ಞಾನಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡ್ತಾ ಇದನ್ನ 1995ರ ನವೆಂಬರ್ 8ರಂದು ಶುರು ಮಾಡಿದರು. ಆಗ ರಷ್ಯನ್ ಇಂಟರ್ನೆಟ್ ಇನ್ನೂ ಕೂಸು. ಆದರೂ ಕೆಲವೇ ವರ್ಷಗಳಲ್ಲಿ ಅದು ಆ ಭಾಷೆಯ ಬಹಳ ಜನಪ್ರಿಯ ತಾಣಗಳಲ್ಲಿ ಒಂದಾಯ್ತು.

ಗುಟ್ಟು ಸರಳ. ದಿನಾ ಹೊಸ ಕಂತು. ಜೋಕು ಕಳಿಸೋರು ಓದುಗರು, ಯಾವುದು ಚಲೋ ಅಂತ ಅಂಕ ಕೊಡೋರೂ ಓದುಗರೇ. ಇದನ್ನ ಓದಿದಾಗ ನನಗೆ ನಗು ಬಂತು. ಯಾಕಂದ್ರೆ ನಮ್ಮ ಕಂಪನಿ ನಾಟಕದ ಪ್ರೇಕ್ಷಕ ಇಂಟರ್ನೆಟ್ ಹುಟ್ಟೋಕಿಂತ ಬಹಳ ಮೊದಲೇ ಅಂಕ ಕೊಡ್ತಿದ್ದ. ಜೋಕು ಹಿಡಿಸಿದ್ರೆ "ವನ್ಸ್ ಮೋರ್!" ಅಂತ ಚೀರ್ತಿದ್ದ, ನಟ ಮತ್ತೊಮ್ಮೆ ಹೇಳಲೇಬೇಕಿತ್ತು. ಹಿಡಿಸದಿದ್ರೆ ಸೀಟಿ ಹೊಡೆದು ಒಳಗೆ ಕಳಿಸ್ತಿದ್ದ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗ ಆಯ್ತಲ್ಲ, ಆಮೇಲೆ ಆ ವನ್ಸ್ ಮೋರ್ ನಮ್ಮ ಹೆಬ್ಬೆರಳಿಗೆ ಬಂತು. ಸಿನಿಮಾದಾಗ ನಮ್ಮ ಉತ್ತರ ಕರ್ನಾಟಕದ ಮಾತನ್ನ ಕೇಳಿ ನಗ್ತಿದ್ರು. ಈಗ ನಮ್ಮ ಮಂದಿನೇ ಈ ಮಾತಿನಾಗ ಎಲ್ಲಾರನ್ನೂ ನಗಿಸ್ತಾರ. ಇದು ಸಣ್ಣ ಗೆಲುವಲ್ಲ.

ಇಲ್ಲಿವರೆಗೆ ಎಲ್ಲ ಚಲೋ. ಮುಂದಿನ ಜನವರಿ ಬನದ ಹುಣ್ಣಿಮೆಗೆ ಬದಾಮಿ ಹತ್ರದ ಬನಶಂಕರಿ ಜಾತ್ರೆಗೆ ಹೋದೆ. ಅಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಟೆಂಟ್ ಹಾಕಿ ರಾತ್ರಿಯೆಲ್ಲ ನಾಟಕ ಆಡೋದು ನಿಮಗೆ ಗೊತ್ತಿದ್ದದ್ದೇ. ಒಂದು ಟೆಂಟಿನ ಮುಂದೆ ಹುಡುಗ್ರು ನಿಂತು ಫೋನ್ ನೋಡಿ ನಗ್ತಿದ್ರು. ನನ್ನ ವಿಡಿಯೊನೇ. ಎದೆ ಉಬ್ಬಿತು.

ಟಿಕೆಟ್ ತಗೊಂಡು ಒಳಗೆ ಹೋದೆ. ಅರ್ಧದಷ್ಟು ಕುರ್ಚಿ ಖಾಲಿ. ರಂಗದ ಮೇಲೆ ಬಂದ ಹಾಸ್ಯ ಪಾತ್ರಧಾರಿ ಕೈಮುಗಿದ, "ನೀವೇ ಕೊಡಬೇಕ್ರಿ ಸಾವ್ಕಾರ್ರ..." ಅಂದ. ಹೊರಗೆ ನಿಂತ ಹುಡುಗ್ರು ಫೋನಿನಾಗ ನೋಡ್ತಿದ್ದ ಮನುಷ್ಯ ಹತ್ತು ಮಾರು ದೂರದಾಗ ಜೀವಂತ ನಿಂತಿದ್ದ. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗದಂಗ ಮಾಡಿದವ ನಾನು.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋಗಿ ಎಲ್ಲಾ ಹೇಳಿದೆ. ಬೈತಾರ ಅಂದ್ಕೊಂಡಿದ್ದೆ. ಕಾಕಾ ಬಣ್ಣ ಒರೆಸ್ತಾ ಕೇಳಿದರು, "ಎಷ್ಟು ಮಂದಿ ನೋಡ್ಯಾರ ತಮ್ಮಾ?" ಹೇಳಿದೆ. "ಅಷ್ಟು ಮಂದ್ಯಾಗ ನೂರು ಮಂದಿ ಬಂದಿದ್ರ ಇವತ್ತಿನ ಖರ್ಚು ಹೊಂಡ್ತಿತ್ತಲ್ಲೋ. ಜೋಕು ಒಯ್ಯಿ, ಬ್ಯಾಡ ಅನ್ನೂದಿಲ್ಲ. ಕಂಪನಿ ಹೆಸರು ಹಾಕು, ಕ್ಯಾಂಪ್ ಯಾವ ಊರಾಗ ಐತಿ ಅಂತ ಹಾಕು."

ವಾಪಸ್ ಬರುವಾಗ ಮತ್ತೆ ಆ ರಷ್ಯನ್ ಕಥೆ ನೆನಪಾಯ್ತು. ಸ್ಟಾಲಿನ್ ಕಾಲದಲ್ಲಿ ಸರ್ಕಾರದ ಮೇಲೆ ಜೋಕು ಹೇಳಿ ಜೈಲಿಗೆ, ಕಾರ್ಮಿಕ ಶಿಬಿರಕ್ಕೆ ಹೋದವರಿದ್ದಾರೆ. ಅಲ್ಲಿ ಜೋಕಿಗೆ ಹೆಸರಿಲ್ಲದಿದ್ರೆ ಹೇಳಿದವರ ಜೀವ ಉಳೀತಿತ್ತು. ನಮ್ಮಲ್ಲಿ ಹೆಸರು ಅಳಿಸಿದ್ರೆ ಹೇಳಿದವರ ಹೊಟ್ಟಿಗೆ ಪೆಟ್ಟು.

ಈ ಮರೆವು ಫೋನಿನಿಂದಲೇ ಶುರುವಾದದ್ದೇನಲ್ಲ. 1974ರ ರಾಜ್‌ಕುಮಾರ್ ಸಿನಿಮಾ 'ಸಂಪತ್ತಿಗೆ ಸವಾಲ್' ನಮ್ಮ ಮನೆಗಳಲ್ಲಿ ಎಲ್ಲಾರಿಗೂ ಗೊತ್ತು. ಅದು ಮೊದಲು ನಾಟಕ. ಬರೆದವರು ಹುನಗುಂದ ತಾಲ್ಲೂಕಿನ ಸೂಳೇಬಾವಿಯ ಪಿ.ಬಿ. ಧುತ್ತರಗಿ. ಪಕ್ಕದೂರಿನ ನನಗೇ ಇದು ಗೊತ್ತಿರಲಿಲ್ಲ, ಆ ರಾತ್ರಿ ಕಾಕಾ ಹೇಳಿದ ಮೇಲೆ ಗೊತ್ತಾಯ್ತು.

ನಮ್ಮ ಇಳಕಲ್ ಸೀರೆ ನೋಡ್ರಿ. ಎಲ್ಲಿ ಮಾರಿದ್ರೂ ಊರ ಹೆಸರು ಹೊತ್ಕೊಂಡೇ ಹೋಗ್ತದ, ಅದಕ್ಕ ಜಿಐ ಟ್ಯಾಗ್ ಐತಿ. ಜೋಕಿಗೆ ಅಂಥ ಟ್ಯಾಗ್ ಇಲ್ಲ. ನಾವೇ ಕಟ್ಟಬೇಕು.

ಮರುದಿನ ಅದೇ ವಿಡಿಯೊ ಮತ್ತೆ ಹಾಕಿದೆ. ಕಲಾವಿದರ ಹೆಸರು, ಕಂಪನಿ ಹೆಸರು, ಟೆಂಟ್ ಇರೋ ಜಾಗ, ಎಲ್ಲಾ ಬರೆದೆ. ಮೊದಲಿನಷ್ಟು ಓಡಲಿಲ್ಲ, ಖರೇ ಹೇಳ್ತೀನಿ. ಹೆಸರಿಲ್ಲದ ಹಳೇ ತುಣುಕು ಇವತ್ತಿಗೂ ಯಾರ್ಯಾರದೋ ಲೋಗೋ ಹಚ್ಕೊಂಡು ತಿರುಗ್ತಾ ಐತಿ, ಅದನ್ನ ನಾನು ವಾಪಸ್ ಕರೆಯೋಕಾಗಲ್ಲ. ಆದರೆ ಎರಡು ದಿನ ಬಿಟ್ಟು ಕಾಕಾ ಫೋನ್ ಮಾಡಿದ್ರು: "ತಮ್ಮಾ, ಇವತ್ತ ಹನ್ನೊಂದು ಹುಡುಗ್ರು ಬಂದಿದ್ರು, ನಿನ್ನ ವಿಡಿಯೊ ತೋರ್ಸಿ ಟಿಕೆಟ್ ತಗೊಂಡ್ರು."

ಹನ್ನೊಂದು. ನನ್ನ ಪೇಜಿನಾಗ ನಾನು ನೆನಪಿಟ್ಟ ಸಂಖ್ಯೆ ಅದೊಂದೇ.

ಹಂಗಾಗಿ ನಿಮ್ಮಲ್ಲಿ ಒಂದೇ ಕೇಳ್ಕೊಳ್ಳೋದು. ಮುಂದಿನ ಸಲ ಜೋಕು ಫಾರ್ವರ್ಡ್ ಮಾಡುವಾಗ ಹೇಳಿದವರ ಹೆಸರು ಒಂದು ಸಾಲಿನಾಗ ಬರೀರಿ. ಜಾತ್ರೆಗೆ ಹೋದ್ರೆ ಒಂದು ಟಿಕೆಟ್ ತಗೊಳ್ರಿ. ಒಳಗೆ ಕುಂತು, ಗಂಟಲು ಬಿಚ್ಚಿ ಚೀರ್ರಿ: ವನ್ಸ್ ಮೋರ್!

ಮತ್ತ ಸಿಗೋಣು. ಬರ್ತೀನ್ರಿ.