ಹಿತ್ತಲ ಕೋಳಿಯ ನೆಗಡಿ



ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಕೋಳಿಯ ಮೂಗಿನ ವಿಚಾರವೇಕೆಂದು ತಾವು ಕೇಳಬಹುದು. ನಮಗೆ ಪಾಂಡಿತ್ಯವಿಲ್ಲ, ಪೆಟ್ಟು ತಿಂದ ಅನುಭವವುಂಟು. ನಮ್ಮ ಹಿತ್ತಲಲ್ಲಿ ಆರು ಹೇಂಟೆಗಳಿದ್ದವು. ಸಂತೆಯಿಂದ ಏಳನೆಯದೊಂದನ್ನು ತಂದು, ಅಂದು ಸಂಜೆಯೇ ಅದೇ ಗೂಡಿಗೆ ಬಿಟ್ಟೆವು. ಮೂರನೆಯ ದಿನ ಒಂದರ ಮೂಗಿನಲ್ಲಿ ನೀರು ಸುರಿಯಿತು. ವಾರ ತುಂಬುವಷ್ಟರಲ್ಲಿ ನಾಲ್ಕು ಕೋಳಿಗಳ ಕಣ್ಣಿನ ಕೆಳಗೆ ಊತ, ಉಸಿರಿನಲ್ಲಿ ಗೊರಗೊರ ಸದ್ದು, ಗೂಡಿನ ಬಾಗಿಲು ತೆರೆದರೆ ದುರ್ಗಂಧ. ಮನೆಯಲ್ಲಿ ಯಾರಿಗೋ ತಂದು ಉಳಿದಿದ್ದ ಮಾತ್ರೆಗಳನ್ನು ನೀರಿನಲ್ಲಿ ಕರಗಿಸಿ ಕುಡಿಸಿದೆವು. ಎರಡು ಕೋಳಿಗಳು ಸತ್ತ ಮೇಲೆ ಪಶುವೈದ್ಯರಲ್ಲಿಗೆ ಓಡಿದೆವು. ಮೊದಲು ಮಾಡಬೇಕಾದುದನ್ನು ಕಡೆಯಲ್ಲಿ ಮಾಡಿದುದೇ ನಮ್ಮ ತಪ್ಪು.

ಕೋಳಿಯ ಶ್ವಾಸಾಂಗಗಳು ನಮ್ಮವುಗಳಂತಲ್ಲ. ನಮಗಿರುವಂತಹ ವಪೆ ಅದಕ್ಕಿಲ್ಲ. ಎದೆಮೂಳೆಯ ಏರಿಳಿತದಿಂದಲೇ ಗಾಳಿಯು ಒಳಹೊರಗೆ ಆಡುತ್ತದೆ. ಆದಕಾರಣ ಔಷಧ ಹಾಕುವಾಗ ಎದೆಯನ್ನು ಅದುಮಿ ಹಿಡಿದರೆ ಕೋಳಿಯು ಉಸಿರುಕಟ್ಟಿ ಸಾಯಬಹುದು. ಶ್ವಾಸಕೋಶಗಳಿಗೆ ಹೊಂದಿಕೊಂಡು ಒಂಬತ್ತು ಗಾಳಿಚೀಲಗಳು ಹೊಟ್ಟೆಯವರೆಗೆ ಹರಡಿವೆ. ಮೂಗಿನ ಸೋಂಕು ಅಲ್ಲಿಗಿಳಿದರೆ ಚಿಕಿತ್ಸೆ ಕಠಿಣವಾಗುತ್ತದೆ. ಕಣ್ಣಿನ ಕೆಳಗೆ, ಚರ್ಮದ ಹಿಂದೆಯೇ, ಮೂಗಿಗೆ ಸೇರಿದ ಒಂದು ಪೊಳ್ಳು ಇದೆ. ಊತ ಕಾಣುವುದು ಅಲ್ಲಿಯೇ. ನಮ್ಮ ಕೀವು ಹರಿಯುತ್ತದೆ. ಹಕ್ಕಿಯ ಕೀವು ಗಿಣ್ಣಿನಂತೆ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದುದನ್ನು ಔಷಧವೊಂದೇ ಕರಗಿಸಲಾರದು. ವೈದ್ಯರು ಕೊಯ್ದು ತೆಗೆದು ತೊಳೆಯಬೇಕಾಗುತ್ತದೆ. ನಾವು ಸೂಜಿ ಚುಚ್ಚಿ ಹಿಂಡುವುದು ಕೂಡದು.

ನೆಗಡಿಯೆಂಬುದು ಲಕ್ಷಣವೇ ಹೊರತು ಒಂದು ರೋಗದ ಹೆಸರಲ್ಲ. ಸೋಂಕು ತಗಲಿದ ಒಂದೆರಡು ದಿನಗಳಲ್ಲೇ ಮುಖ ಊದಿ ದುರ್ವಾಸನೆ ಬಂದರೆ ಅದು ಕೊರೈಜಾ ಎಂಬ ಬ್ಯಾಕ್ಟೀರಿಯ ರೋಗವಿರಬಹುದು. ಕಣ್ಣಿನಲ್ಲಿ ನೊರೆ, ವಾರಗಟ್ಟಲೆ ಕೆಮ್ಮು ಕಂಡರೆ ಮೈಕೋಪ್ಲಾಸ್ಮಾ ಇರಬಹುದು. ಅದು ಮೊಟ್ಟೆಯ ಮೂಲಕ ಮರಿಗೂ ಸಾಗುತ್ತದೆ. ಹಸಿರು ಬಣ್ಣದ ಹಿಕ್ಕೆ, ತಿರುಚಿದ ಕತ್ತು, ಸಾಲು ಸಾವು, ಇವು ನಮ್ಮವರು ಕೊಕ್ಕರೆ ರೋಗವೆನ್ನುವ ರಾಣಿಖೇತಿನ ಗುರುತುಗಳು. ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ 1926ರಲ್ಲಿ ಕಾಣಿಸಿದ ರೋಗವೇ ಇದು. ಇದರ ಕಾರಣ ವೈರಸ್; ಬಂದ ಮೇಲೆ ಮದ್ದಿಲ್ಲ, ಬರುವ ಮುನ್ನ ಲಸಿಕೆಯುಂಟು. ಕೋಳಿಗಳು ಹಠಾತ್ತಾಗಿ ಒಂದರ ಹಿಂದೊಂದು ಸತ್ತರೆ ಹಕ್ಕಿಜ್ವರವನ್ನೂ ಶಂಕಿಸಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಅದು ಕಾಣಿಸಿಕೊಂಡಿತ್ತು. ಅಂತಹ ಹೆಣವನ್ನು ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಸೋಂಕೇ ಇಲ್ಲದೆ, ಎ ಜೀವಸತ್ತ್ವದ ಕೊರತೆಯಿಂದಲೂ ಮುಖ ಊದುವುದುಂಟು. ಅದಕ್ಕೆ ನುಗ್ಗೆಸೊಪ್ಪಿನಂತಹ ಹಸಿರು ಬೇಕು. ಒದ್ದೆಯಾದ ಹಾಸಿನಿಂದೇಳುವ ಅಮೋನಿಯವು ಶ್ವಾಸನಾಳದ ಒಳಪದರವನ್ನು ಕೆಡಿಸಿ ಎಲ್ಲ ಸೋಂಕಿಗೂ ಬಾಗಿಲು ತೆರೆಯುತ್ತದೆ. ಗೂಡಿನಲ್ಲಿ ಬಗ್ಗಿದಾಗ ನಮ್ಮ ಕಣ್ಣು ಉರಿದರೆ ಕೋಳಿಯ ಪಾಡನ್ನು ಊಹಿಸಿಕೊಳ್ಳಬಹುದು.

ಹೀಗಿರುವಲ್ಲಿ ಮನೆಯವರ ಕೆಲಸವೇನು? ರೋಗಿಯನ್ನು ಪ್ರತ್ಯೇಕಿಸಿ, ಗಾಳಿಯಾಡುವ ಆದರೆ ಚಳಿ ತಾಗದ ಕಡೆ ಇಡುವುದು. ಕುದಿಸಿ ಆರಿಸಿದ ಅರ್ಧ ಲೀಟರು ನೀರಿಗೆ ಸಣ್ಣ ಚಮಚ ಉಪ್ಪು ಹಾಕಿ, ಅದರಲ್ಲಿ ಅದ್ದಿದ ಹತ್ತಿಯಿಂದ ಕಣ್ಣು ಮೂಗುಗಳನ್ನು ಒರೆಸುವುದು. ಕಣ್ಣು ಮುಚ್ಚಿದ ಕೋಳಿಗೆ ಕಾಳು ಕಾಣದೆ ಅದು ಹಸಿವಿನಿಂದಲೇ ಸೊರಗುತ್ತದೆ. ನೆನೆಸಿದ ಮೇವನ್ನು ಕೊಕ್ಕಿನ ಬಳಿ ಹಿಡಿಯುವುದು. ಆರೋಗ್ಯವಂತ ಕೋಳಿಗಳನ್ನು ಮೊದಲು ನೋಡಿ, ರೋಗಿಯನ್ನು ಕಡೆಯಲ್ಲಿ ಮುಟ್ಟುವುದು. ಟೈಲೋಸಿನ್, ಆಕ್ಸಿಟೆಟ್ರಾಸೈಕ್ಲಿನ್ ಮೊದಲಾದ ಔಷಧಗಳನ್ನು ವೈದ್ಯರು ಹೇಳಿದರೆ ಮಾತ್ರ, ಹೇಳಿದಷ್ಟು ದಿನ ಕೊಡಬೇಕು. ಅವರು ಹೇಳಿದ ಗಡುವು ಮುಗಿಯುವವರೆಗೆ ಮೊಟ್ಟೆಯನ್ನು ತಿನ್ನಬಾರದು. ಇಂತಹ ಔಷಧ ವೈರಸ್ಸಿಗೆ ತಾಗದು. ಸಿಕ್ಕಂತೆ ಬಳಸಿದರೆ ರೋಗಾಣುಗಳು ಅದಕ್ಕೆ ಮಣಿಯದಂತಾಗುತ್ತವೆ. ಮನುಷ್ಯರ ಕೊನೆಯ ಆಸರೆಗಳಲ್ಲೊಂದಾದ ಕೊಲಿಸ್ಟಿನ್ ಅನ್ನು ಕೋಳಿಗಳಿಗೆ ಬಳಸಬಾರದೆಂದು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿದುದು ಈ ಭಯದಿಂದಲೇ.

ಎಲ್ಲಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಕೊರೈಜಾ ಅಥವಾ ಮೈಕೋಪ್ಲಾಸ್ಮಾದಿಂದ ಚೇತರಿಸಿಕೊಂಡ ಕೋಳಿಯು ಮೈತುಂಬಿಕೊಂಡು ಮೊಟ್ಟೆಯಿಟ್ಟರೂ ರೋಗಾಣುವನ್ನು ಒಳಗೆ ಹೊತ್ತಿರಬಹುದು. ನಾವು ತಂದ ಏಳನೆಯ ಹೇಂಟೆಯು ಅಂತಹುದೇ ಆಗಿದ್ದಿತೆಂದು ವೈದ್ಯರು ಊಹಿಸಿದರು. ಅದಕ್ಕೆ ಒಂದು ದಿನವೂ ಕಾಯಿಲೆಯಾಗಲಿಲ್ಲ. ಹೊಸ ಕೋಳಿಯನ್ನು ಒಂದು ತಿಂಗಳಾದರೂ ಬೇರೆಯಿಟ್ಟು ನೋಡಬೇಕೆಂಬ ನಿಯಮ ಇದಕ್ಕಾಗಿಯೇ. ಅಷ್ಟರಿಂದಲೂ ಪೂರ್ಣ ಭರವಸೆಯಿಲ್ಲ. ಆದುದರಿಂದ ಕೊಳ್ಳುವ ಮನೆಯ ಹಿಂಡಿನ ಚರಿತ್ರೆಯನ್ನೂ ವಿಚಾರಿಸಬೇಕು.

ಉಳಿದ ಐದನ್ನು ಕೊಲ್ಲಲು ನಮ್ಮ ಮಕ್ಕಳು ಒಪ್ಪಲಿಲ್ಲ. ನಮಗೂ ಮನಸ್ಸು ಬರಲಿಲ್ಲ. ಅವು ಬದುಕಿರುವವರೆಗೆ ಹೊಸ ಕೋಳಿಯನ್ನು ತರುವುದಿಲ್ಲ, ಇವುಗಳಲ್ಲೊಂದನ್ನೂ ಹೊರಗೆ ಕೊಡುವುದಿಲ್ಲವೆಂದು ನಿಶ್ಚಯಿಸಿದೆವು. ಕಳೆದ ತಿಂಗಳು ನೆರೆಮನೆಯ ವೃದ್ಧೆಯೊಬ್ಬರು, “ನಿಮ್ಮಲ್ಲಿ ಐದಿವೆಯಲ್ಲಪ್ಪ, ನನಗೊಂದು ಕೊಡಬಾರದೆ? ಬೆಲೆ ಕೊಡುತ್ತೇನೆ” ಎಂದು ಕೇಳಿದರು. ಅವರ ಗೂಡಿನಲ್ಲಿ ಮರಿಗಳಿದ್ದವು. ಕಾರಣವನ್ನು ವಿವರಿಸಿದರೂ ಅವರಿಗೆ ಪೂರ್ತಿ ನಂಬಿಕೆಯಾಗಲಿಲ್ಲ. ನಮ್ಮನ್ನು ಜಿಪುಣರೆಂದೇ ತಿಳಿದಿರಬೇಕು. ಆದರೂ ನಾವು ಕೊಡಲಿಲ್ಲ. ಅವರ ಮರಿಗಳು ಈಗ ಬೇಲಿಯಾಚೆ ಕೆದರುತ್ತ ಚೆನ್ನಾಗಿ ಬೆಳೆಯುತ್ತಿವೆ.