ಸೈರನ್ ಕೇಳಿದರೆ ಖುತ್ಬಾ ನಿಲ್ಲಲಿ

(ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಹಾಬಿಗಳ ಮೇಲೆ ಶಾಂತಿ ಮತ್ತು ಕರುಣೆ ಇರಲಿ.



ಒಂದು ರಾತ್ರಿ ಮದೀನಾದ ಜನರು ಏನೋ ಸದ್ದು ಕೇಳಿ ಗಾಬರಿಯಾದರು. ಕೆಲವರು ಸದ್ದು ಬಂದ ದಿಕ್ಕಿಗೆ ಹೊರಟರು. ದಾರಿಯಲ್ಲೇ ಪ್ರವಾದಿವರ್ಯರು(ಸ) ಎದುರಾದರು. ಅವರು ಎಲ್ಲರಿಗಿಂತ ಮೊದಲೇ ಹೋಗಿ, ನೋಡಿ, ಮರಳಿ ಬರುತ್ತಿದ್ದರು. ಅಬೂ ತಲ್ಹಾ(ರ)ರ ಕುದುರೆಗೆ ಜೀನು ಹಾಕುವಷ್ಟು ಹೊತ್ತು ಕೂಡ ಅವರು ಕಾಯಲಿಲ್ಲ. ಹೆದರುವಂಥದ್ದು ಏನೂ ಇಲ್ಲವೆಂದು ಜನರಿಗೆ ಧೈರ್ಯ ಹೇಳಿದರು. ಅನಸ್(ರ) ಹೇಳಿದ ಈ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಇಲ್ಲಿ ಎರಡು ಕೆಲಸಗಳಿವೆ. ಒಂದು, ಅಪಾಯದ ಕಡೆಗೆ ಮೊದಲು ಹೋಗುವುದು. ಇನ್ನೊಂದು, ಹೆದರಿದವರಿಗೆ ಧೈರ್ಯ ತುಂಬುವುದು. ಇಂದು ಆಂಬುಲೆನ್ಸ್‌ನವರು, ಅಗ್ನಿಶಾಮಕ ದಳದವರು ಮೊದಲನೆಯ ಕೆಲಸ ಮಾಡುತ್ತಿದ್ದಾರೆ. 108 ಅಥವಾ 112ಕ್ಕೆ ಕರೆ ಮಾಡಿದಾಗ ಆ ಕಡೆಯಿಂದ ಮಾತಾಡುವ ದನಿ ಎರಡನೆಯದನ್ನು ಮಾಡುತ್ತಿದೆ. ಅವರು ಯಾವ ಧರ್ಮದವರೇ ಇರಲಿ, ಮಾಡುತ್ತಿರುವ ಕೆಲಸ ನಮ್ಮ ಪ್ರವಾದಿಯವರು(ಸ) ಮಾಡಿ ತೋರಿಸಿದ್ದು.

ಈಗ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇವೆ.

ಕೆಲವು ತಿಂಗಳ ಹಿಂದೆ ಬಸವಕಲ್ಯಾಣದ ನಮ್ಮ ಮಸೀದಿಯಲ್ಲಿ ಜುಮಾ ಖುತ್ಬಾ ನಡೆದಿತ್ತು. ಹೊರಗೆ ಸೈರನ್ ಕೇಳಿಸಿತು. ನಾವು ಮಿಂಬರಿನ ಮೇಲಿದ್ದೆವು. ಹೊರಗಿದ್ದವರು ಯಾರಾದರೂ ನೋಡುತ್ತಾರೆ ಎಂದುಕೊಂಡು ಮುಂದುವರಿಸಿದೆವು. ಸೈರನ್ ನಿಲ್ಲಲಿಲ್ಲ. ಹಳೇ ಊರಿನ ಓಣಿ, ಎರಡೂ ಬದಿ ನಮ್ಮದೇ ಬೈಕುಗಳು. ಕೊನೆಗೆ ಚಾಲಕ ಮತ್ತು ನರ್ಸ್ ಇಳಿದು ಸ್ಟ್ರೆಚರ್ ಹಿಡಿದು ನಡೆದೇ ಹೋದರು. ಎದೆನೋವಿನಿಂದ ನರಳುತ್ತಿದ್ದ ಒಬ್ಬ ವೃದ್ಧ ತಾಯಿಯನ್ನು ಹೊತ್ತುಕೊಂಡು ಆ ಬೈಕುಗಳ ನಡುವೆಯೇ ಮರಳಿದರು. ಅಲ್ಲಾಹನ ದಯೆ, ಆ ತಾಯಿ ಬದುಕಿದರು. ಆದರೆ ಆ ನಿಮಿಷಗಳ ಲೆಕ್ಕವನ್ನು ನಾಳೆ ಯಾರು ಕೊಡಬೇಕಿತ್ತು?

ಮದರಸಾದಲ್ಲಿ ನಾವೇ ಓದಿದ ಮಸ್‌ಅಲಾ ಇದೆ: ಒಬ್ಬನು ನೀರಿನಲ್ಲಿ ಮುಳುಗುತ್ತಿದ್ದರೆ, ಉಳಿಸಬಲ್ಲವನು ನಮಾಝನ್ನು ಮುರಿದಾದರೂ ಅವನನ್ನು ಉಳಿಸಬೇಕು. ನಮಾಝನ್ನು ಮತ್ತೆ ನಿರ್ವಹಿಸಬಹುದು, ಹೋದ ಜೀವ ಮರಳದು. ಪ್ರವಾದಿವರ್ಯರು(ಸ) ಪುಟ್ಟ ಮೊಮ್ಮಕ್ಕಳು ಎಡವುತ್ತಾ ಬರುವುದನ್ನು ಕಂಡು ಖುತ್ಬಾದ ನಡುವೆಯೇ ಮಿಂಬರಿನಿಂದ ಇಳಿದು ಅವರನ್ನು ಎತ್ತಿಕೊಂಡರು. ಇದೆಲ್ಲ ಗೊತ್ತಿದ್ದೂ ನಾವು ಆ ದಿನ ಇಳಿಯಲಿಲ್ಲ.

ಮರುದಿನ ಆ ಸಿಬ್ಬಂದಿಯನ್ನು ಕಾಣಲು ಹೋದೆವು. ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ, ಮಸೀದಿಗೆ ಬನ್ನಿ ಎಂದೆವು. ಚಾಲಕ ನಕ್ಕ. “ಶಾಲ್ ಬ್ಯಾಡ್ರಿ ಮೌಲಾನಾ ಸಾಬ್. ದಾರಿ ಬಿಡಸ್ರಿ. ವಿಳಾಸ ಸರಿಯಾಗಿ ಹೇಳೋದು ಕಲಸ್ರಿ. ಅಷ್ಟ ಸಾಕು” ಎಂದ.

ಸಹೋದರರೇ, ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂಬುದು ಹದೀಸಿನ ಪಾಠ. ಆ ಚಾಲಕ ನಮಗೆ ಕೃತಜ್ಞತೆಯ ರೀತಿಯನ್ನೇ ಕಲಿಸಿದ.

ಮೊದಲನೆಯದು ದಾರಿ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ. ಕಲ್ಲು ಮುಳ್ಳು ಸರಿಸಿದರೆ ಪುಣ್ಯ ಎಂದಾದರೆ, ಮಸೀದಿಯ ಮುಂದೆ ಅಡ್ಡ ನಿಲ್ಲಿಸಿದ ಬೈಕು ಏನು? ನಾವು ದಾರಿಗೆ ಮುಳ್ಳು ಹಾಕಿ ಒಳಗೆ ಬಂದು ಸಜ್ದಾ ಮಾಡುತ್ತಿದ್ದೇವೆ.

ಎರಡನೆಯದು ವಿಳಾಸ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಹೆಸರಿನಲ್ಲಿ 108 ಸೇವೆ ಆರಂಭವಾಯಿತು. 112ಕ್ಕೆ ಕರೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸುದ್ದಿ ಮುಟ್ಟುತ್ತದೆ. ಆದರೆ ಕರೆ ಎತ್ತುವ ಆ ತಂಗಿ ದೂರದ ಕೊಠಡಿಯಲ್ಲಿ ಕುಳಿತಿರುತ್ತಾಳೆ, ಹುಮನಾಬಾದನ್ನು ಕಂಡೇ ಇರಲಿಕ್ಕಿಲ್ಲ. ನಾವು ಗಾಬರಿಯಲ್ಲಿ ಉರ್ದುವಿನಲ್ಲಿ ‘ಬಡೀ ಮಸ್ಜಿದ್ ಕೇ ಪೀಛೆ’ ಎಂದು ಕೂಗಿ ಫೋನ್ ಇಟ್ಟುಬಿಟ್ಟರೆ ಅವಳು ಏನು ಮಾಡಬೇಕು? ದೊಡ್ಡ ಮಸೀದಿ ಯಾವ ಊರಿನಲ್ಲಿಲ್ಲ? ಅವಳ ಮುಖ ನಮಗೆ ಕಾಣದು, ಅವಳಿಗೆ ಯಾರೂ ಹಾರ ಹಾಕುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ 108ರ ಗಣಕ ವ್ಯವಸ್ಥೆ ಕೆಟ್ಟು ಕರೆಗಳು ಸಿಗದೆ ರಾಜ್ಯದ ಜನ ಪರದಾಡಿದರು. ಆ ಕಾಣದ ಕೈಗಳ ಬೆಲೆ ಆಗ ತಿಳಿಯಿತು.

ಆದ್ದರಿಂದ ಮನೆಯ ತಾಯಂದಿರಿಗೂ ಮಕ್ಕಳಿಗೂ ಇಷ್ಟನ್ನು ಕನ್ನಡದಲ್ಲಿ ಹೇಳಲು ಕಲಿಸಿ: ಊರು, ತಾಲ್ಲೂಕು, ಓಣಿ, ಹತ್ತಿರದ ಗುರುತು, ರೋಗಿಗೆ ಏನಾಗಿದೆ. ಅವಳು ಸಾಕು ಎನ್ನುವವರೆಗೆ ಫೋನ್ ಇಡಬೇಡಿ. ಒಬ್ಬರು ಓಣಿಯ ಬಾಯಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸಿ. ಮಕ್ಕಳು ಆಟಕ್ಕೆ ಸುಳ್ಳು ಕರೆ ಮಾಡಿದರೆ ಅದನ್ನು ನಕ್ಕು ಬಿಡಬೇಡಿ. ಆ ಹೊತ್ತಿನಲ್ಲಿ ನಿಜವಾಗಿ ಸಾಯುತ್ತಿರುವವನ ಕರೆ ಕಾಯುತ್ತಿರಬಹುದು.

ಮೂರನೆಯದನ್ನು ಹುಮನಾಬಾದಿನ ಸಹೋದರರಿಗೆ ವಿಶೇಷವಾಗಿ ಹೇಳುತ್ತೇವೆ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ 65 ನಿಮ್ಮ ಊರಿನ ಮೇಲೆಯೇ ಹಾದಿದೆ. ಸಸ್ತಾಪುರ ಬಂಗ್ಲಾದಿಂದ ಇಲ್ಲಿಯವರೆಗೆ ಪಂಕ್ಚರ್ ಅಂಗಡಿ, ಹೋಟೆಲ್, ಗ್ಯಾರೇಜ್ ಇಟ್ಟವರಲ್ಲಿ ನಮ್ಮವರು ಬಹಳ. ಅಪಘಾತವಾದರೆ ಆಂಬುಲೆನ್ಸಿಗಿಂತ ಮೊದಲು ತಲುಪುವವರು ನೀವೇ. ಪೊಲೀಸ್ ಕಾಟ ಯಾಕೆ ಎಂಬ ಹೆದರಿಕೆ ಬಿಡಿ. ನೆರವಾದವನನ್ನು ಪೀಡಿಸಬಾರದೆಂದು 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಆ ರಕ್ಷಣೆಯನ್ನು ಕಾನೂನಾಗಿಸಿದೆ. ಹೆಸರು ಹೇಳುವುದೂ ಬಿಡುವುದೂ ನಿಮ್ಮ ಇಷ್ಟ.

2017ರಲ್ಲಿ ಕೊಪ್ಪಳದಲ್ಲಿ ಬಸ್ ಡಿಕ್ಕಿ ಹೊಡೆದು ರಸ್ತೆಯಲ್ಲಿ ಬಿದ್ದ ಯುವಕ ನೆರವಿಗೆ ಅಂಗಲಾಚುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅವನು ಉಳಿಯಲಿಲ್ಲ. ಅವರ ಕೈಯಲ್ಲಿ ಫೋನ್ ಇತ್ತು ಎಂಬುದನ್ನು ನೆನಪಿಡಿ. ಒಂದು ಜೀವ ಉಳಿಸುವುದನ್ನು ಅಲ್‌ಮಾಇದಾ ಅಧ್ಯಾಯದ 32ನೇ ಸೂಕ್ತವು ಇಡೀ ಮನುಕುಲವನ್ನು ಉಳಿಸುವುದಕ್ಕೆ ಸಮವಾಗಿ ಕಂಡಿದೆ. ಆ ಪುಣ್ಯ ಅವರ ಅಂಗೈಯಲ್ಲೇ ಇತ್ತು.

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರಿಗಾಗಿ ಡೇರೆ ಹಾಕಿದ್ದು ಮಸೀದಿಯ ಆವರಣದಲ್ಲೇ. ಮಸೀದಿ ಗಾಯಾಳುವಿಗೆ ಜಾಗ ಕೊಡುವ ಸ್ಥಳ, ಅವನ ದಾರಿ ಕಟ್ಟುವ ಸ್ಥಳವಲ್ಲ.

ಹಾಗಾಗಿ ಇಂದಿನಿಂದ ನಮ್ಮಲ್ಲಿ ಈ ನಿಯಮ: ಓಣಿಯ ಒಂದು ಬದಿಗೆ ಮಾತ್ರ ಬೈಕು. ಪ್ರತಿ ಜುಮಾ ದಿನ ಇಬ್ಬರು ಯುವಕರು ಹೊರಗೆ ಕಾವಲು. ಸೈರನ್ ಕೇಳಿದರೆ ನಾವು ಖುತ್ಬಾ ನಿಲ್ಲಿಸುತ್ತೇವೆ, ದಾರಿ ತೆರವಾದ ಮೇಲೆ ಮುಂದುವರಿಸುತ್ತೇವೆ. ನಾವು ಮರೆತರೆ ನೀವು ನೆನಪಿಸಿ.

ಅಲ್ಲಾಹನೇ, ನಮ್ಮ ಉದಾಸೀನವನ್ನು ಕ್ಷಮಿಸು. ರಾತ್ರಿ ನಿದ್ದೆಗೆಟ್ಟು ಪರರ ಜೀವಕ್ಕಾಗಿ ಓಡುವವರಿಗೂ, ಕಾಣದ ಕೊಠಡಿಯಲ್ಲಿ ಕುಳಿತು ಧೈರ್ಯ ಹೇಳುವವರಿಗೂ ಆರೋಗ್ಯ ಕೊಡು, ಅವರ ಮನೆಗಳನ್ನು ಕಾಪಾಡು. ನಮ್ಮನ್ನು ದಾರಿ ಬಿಡುವವರ ಸಾಲಿಗೆ ಸೇರಿಸು. ಆಮೀನ್.