ಮೂವತ್ತೇಳು ಸಾವಿರ ಅಡಿಯಲ್ಲಿ ಎಂಜಿನ್ ನಿಂತಾಗ



2023ರ ಆಗಸ್ಟ್ 31ರಂದು ಶಿವಮೊಗ್ಗ ಬಳಿಯ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ವಿಮಾನ ಹತ್ತಿರವಾಯಿತು. ಅದರ ಜೊತೆಗೇ ಒಂದು ಭಯವೂ ಹತ್ತಿರವಾಯಿತು: ಮೇಲೆ ಹೋದಮೇಲೆ ಎಂಜಿನ್ ನಿಂತರೆ ಏನು ಗತಿ? ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಎಂಜಿನ್ನಿನ ಕೆಲಸ ಮುಂದಕ್ಕೆ ತಳ್ಳುವುದು. ಆ ತಳ್ಳು ನಿಂತರೆ ಪೈಲಟ್ ಮೂತಿಯನ್ನು ತುಸು ತಗ್ಗಿಸಿ ವೇಗ ಕಾಯ್ದುಕೊಳ್ಳುತ್ತಾನೆ. ಆಗುಂಬೆ ಘಾಟಿಯಲ್ಲಿ ಪೆಡಲ್ ತುಳಿಯದೆ ಸೈಕಲ್ ಇಳಿದ ಹಾಗೆ. ಒಂದು ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ ದೊಡ್ಡ ಜೆಟ್ ಸುಮಾರು ಹದಿನೈದು ಕಿಲೋಮೀಟರ್ ಮುಂದೆ ಸಾಗಬಲ್ಲದು. ತೀರ್ಥಹಳ್ಳಿಯ ನೆತ್ತಿಯ ಮೇಲೆ 35,000 ಅಡಿಯಲ್ಲಿ ಎರಡೂ ಎಂಜಿನ್ ನಿಂತರೂ ನೇರ ದೂರದಲ್ಲಿ ಸುಮಾರು 90 ಕಿಲೋಮೀಟರ್ ಆಚೆಗಿರುವ ಮಂಗಳೂರು ಲೆಕ್ಕದ ಪ್ರಕಾರ ಕೈಗೆಟುಕುತ್ತದೆ. ಎತ್ತರವೆಂದರೆ ಪೈಲಟ್ಟಿಗೆ ಸಿಗುವ ಕಾಲಾವಕಾಶ.

1982ರ ಜೂನ್ 24ರ ರಾತ್ರಿ ಆದದ್ದು ಇದೇ. ಲಂಡನ್ನಿನಿಂದ ಹೊರಟು ಮುಂಬಯಿ, ಮದರಾಸು, ಕೌಲಾಲಂಪುರ ದಾಟಿದ್ದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಜಾವಾ ಸಮೀಪ 37,000 ಅಡಿಯಲ್ಲಿತ್ತು. ಗಲುಂಗ್ಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತ್ತು. ಒಣ ಬೂದಿ ಹವಾಮಾನ ರೇಡಾರಿಗೆ ಕಾಣಲಿಲ್ಲ. ನಾಲ್ಕೂ ಎಂಜಿನ್‌ಗಳು ಒಂದರ ಹಿಂದೊಂದು ಆರಿದವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಏನನ್ನೂ ಮುಚ್ಚಿಡದೆ ಇದನ್ನು ತಿಳಿಸಿದರು. ಸಿಬ್ಬಂದಿ ಮತ್ತೆ ಮತ್ತೆ ಎಂಜಿನ್ ಹೊತ್ತಿಸಲು ಯತ್ನಿಸಿದರು. ಕುಲುಮೆಯಂಥ ಬಿಸಿಯಲ್ಲಿ ಕರಗಿ ಒಳಗೆ ಅಂಟಿದ್ದ ಬೂದಿ, ಎಂಜಿನ್ ತಣ್ಣಗಾದಂತೆ ಗಾಜಿನ ಚೂರುಗಳಾಗಿ ಕಳಚಿತು. ಕೆಳಗಿನ ದಟ್ಟ ಗಾಳಿಯಲ್ಲಿ, 13,000 ಅಡಿಯ ಆಸುಪಾಸಿನಲ್ಲಿ, ಎಂಜಿನ್‌ಗಳು ಹೊತ್ತಿಕೊಂಡವು. ಒಂದನ್ನು ಮತ್ತೆ ಆರಿಸಬೇಕಾಯಿತು. ಬೂದಿ ಉಜ್ಜಿ ಮುಂಗಾಜು ಮಸುಕಾಗಿದ್ದರೂ ವಿಮಾನ ಜಕಾರ್ತದಲ್ಲಿ ಇಳಿಯಿತು. ಒಳಗಿದ್ದ 263 ಮಂದಿಯೂ ಬದುಕಿದರು.

ಆ ಸಿಬ್ಬಂದಿಯ ಧೈರ್ಯದಷ್ಟೇ ದೊಡ್ಡದು ಆಮೇಲಿನ ಕೆಲಸ. ಎಂಜಿನ್‌ಗಳನ್ನು ಬಿಚ್ಚಿ ನೋಡಿದರು, ಕಂಡದ್ದನ್ನು ಜಗತ್ತಿಗೆ ಹೇಳಿದರು. 1990ರ ದಶಕದಲ್ಲಿ ಜ್ವಾಲಾಮುಖಿ ಬೂದಿಯ ಮುನ್ಸೂಚನೆ ನೀಡುವ ಕೇಂದ್ರಗಳು ಬಂದವು. 2025ರ ನವೆಂಬರಿನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿಯ ಬೂದಿ ಭಾರತದ ಕಡೆ ತೇಲಿ ಬಂದಾಗ ನಮ್ಮ ವಿಮಾನ ಸಂಸ್ಥೆಗಳು ಕೆಲವು ವಿಮಾನಗಳನ್ನು ರದ್ದುಪಡಿಸಿದವು. ಪ್ರಯಾಣಿಕರು ಗೊಣಗಿರಬಹುದು. ಆದರೆ ಆ ರದ್ದತಿಯ ಹಿಂದೆ ಜಾವಾದ ಆ ರಾತ್ರಿಯ ಪಾಠವಿದೆ.

ಎಲ್ಲ ದೋಷವೂ ಆಕಾಶದಿಂದ ಬರುವುದಿಲ್ಲ. ಇಂಡಿಗೋ ಮತ್ತು ಗೋಏರ್‌ನ ಏರ್‌ಬಸ್ 320 ನಿಯೋ ವಿಮಾನಗಳ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳಲ್ಲಿ ತೊಂದರೆ ಮರುಕಳಿಸುತ್ತಿತ್ತು. 2018ರ ಮಾರ್ಚಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 11 ವಿಮಾನಗಳ ಹಾರಾಟ ನಿಲ್ಲಿಸಿತು. 2019ರಲ್ಲಿ, ಬಹುಮಟ್ಟಿಗೆ ಮೇಲೇರುವಾಗಲೇ, ಟರ್ಬೈನಿನ ಅಲಗುಗಳು ಮುರಿಯತೊಡಗಿದವು. ಆ ನವೆಂಬರ್ 1ರಂದು, ಇಂಡಿಗೋದ 97 ವಿಮಾನಗಳಿಗೂ ಬದಲಾದ ಅಲಗುಗಳಿರುವ ಎಂಜಿನ್ ಜೋಡಿಸಬೇಕೆಂದು ಆದೇಶವಾಯಿತು; ಗಡುವು 2020ರ ಜನವರಿ 31. ಆ ಗಡುವು ಆಮೇಲೆ ಮುಂದೆ ಹೋಯಿತು. ನನ್ನ ಅಭಿಪ್ರಾಯದಲ್ಲಿ ಆದೇಶ ಸರಿಯಾಗಿತ್ತು, ಗಡುವು ಸರಿಸಿದ್ದು ಸರಿಯಲ್ಲ. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಇಳಿಯಬಹುದು, ನಿಜ. ಆದರೆ ಎರಡನೆಯದರ ಮೇಲಿನ ಭರವಸೆ ಮೊದಲನೆಯದನ್ನು ದುರಸ್ತಿ ಮಾಡದಿರಲು ನೆಪವಾಗಬಾರದು.

ವಿದ್ಯಾರ್ಥಿಗಳೇ, ನಮ್ಮ ದೇಶದ ವಿಮಾನ ಅಪಘಾತ ತನಿಖಾ ಸಂಸ್ಥೆ ತನ್ನ ವರದಿಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಭೌತಶಾಸ್ತ್ರ ಓದುವ ನೀವು ಒಂದೊಂದನ್ನು ಆರಿಸಿಕೊಂಡು, ನಿಮ್ಮ ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. ಕಾಲೇಜಿನ ವಾರ್ಷಿಕ ಸಂಚಿಕೆ ಅದಕ್ಕೆ ಜಾಗ ಕೊಡಲಿ.